ಅಮೆರಿಕದಲ್ಲಿ ಸಿಎನ್‌ಎ ಆಗುವುದು ಹೇಗೆ? ನರ್ಸ್ ಆಗಿದ್ದವರೇ ಎಡವುವ ಪರೀಕ್ಷೆ

ಊರಲ್ಲಿ ವರ್ಷಗಟ್ಟಲೆ ಐಸಿಯು ನೋಡಿಕೊಂಡವರು, ಸಿಗದ ನರವನ್ನೂ ಹುಡುಕಿ ಐವಿ ಹಾಕುವವರು. ಅಂಥವರು ಇಲ್ಲಿ ಸಿಎನ್‌ಎ ಪರೀಕ್ಷೆಯಲ್ಲಿ ಕೈ ತೊಳೆಯುವುದರಲ್ಲೇ ಫೇಲಾಗಿ ಹೊರಗೆ ಬರುವುದನ್ನು ನೋಡಿದ್ದೇನೆ. ಮೊದಲ ಸಲ ನಾನೂ ಫೇಲಾದವಳೇ. ಹಾಗಾಗಿ ಈ ಬರಹ.

ಸಿಎನ್‌ಎ ಅಂದರೆ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್. ಕೆಲಸ ಹೆಚ್ಚಾಗಿ ನರ್ಸಿಂಗ್ ಹೋಮ್‌ಗಳಲ್ಲಿ. ನಮ್ಮೂರಿನ ನರ್ಸಿಂಗ್ ಹೋಮ್ ಅಲ್ಲ, ಇಲ್ಲಿ ಅದು ವಯಸ್ಸಾದವರು ಉಳಿದುಕೊಳ್ಳುವ ಜಾಗ. ಸ್ನಾನ, ಊಟ, ಬಟ್ಟೆ, ಬೆಡ್‌ಪ್ಯಾನ್, ಮಗ್ಗುಲು ಬದಲಿಸುವುದು ಎಲ್ಲ ನಿಮ್ಮದೇ. ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಮಾಡಿ ಬಂದ ಎಷ್ಟೋ ಜನ ಇಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗುವವರೆಗೆ ಈ ಕೆಲಸ ಹಿಡಿಯುತ್ತಾರೆ.

1. ಮೊದಲು ಕೆಲಸ ಮಾಡುವ ಪರವಾನಗಿ ಇದೆಯಾ ನೋಡಿ. ಎಚ್-1ಬಿ ಮೇಲೆ ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್-4 ವೀಸಾ ಒಂದೇ ಇದ್ದರೆ ಸಾಲದು, ಕೆಲಸದ ಪರವಾನಗಿಯಾದ ಇಎಡಿ ಕಾರ್ಡ್ ಬೇಕು. ಅದು ಕೈಗೆ ಬರುವ ಮುಂಚೆ ಯಾವ ಕೋರ್ಸಿಗೂ ದುಡ್ಡು ಕಟ್ಟಬೇಡಿ.

2. ನಿಮ್ಮ ರಾಜ್ಯದ ನಿಯಮ ಓದಿ. 1987ರ ಫೆಡರಲ್ ಕಾನೂನಿನ ಪ್ರಕಾರ ಕನಿಷ್ಠ 75 ಗಂಟೆ ತರಬೇತಿ ಬೇಕು, ಅದರಲ್ಲಿ 16 ಗಂಟೆ ಕೈಯಾರೆ ಮಾಡುವ ಅಭ್ಯಾಸ. ಕ್ಯಾಲಿಫೋರ್ನಿಯಾದಲ್ಲಿ 160 ಗಂಟೆ. ಆದರೆ ಮೊದಲೇ ನರ್ಸಿಂಗ್ ಓದಿದವರು ಅಲ್ಲಿ ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ಅಧಿಕೃತ ದಾಖಲೆ) ಕೊಟ್ಟು ತರಬೇತಿಯಿಂದ ವಿನಾಯಿತಿ ಕೇಳಬಹುದು. ಫ್ಲೋರಿಡಾದಲ್ಲಿ ತರಬೇತಿ ಇಲ್ಲದೆಯೇ ನೇರವಾಗಿ ಪರೀಕ್ಷೆಗೆ ಕೂರಬಹುದು. ಊರಿಗೆ ರಜೆಗೆ ಹೋದಾಗಲೇ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿ. ಸೀಲ್ ಮಾಡಿದ ಲಕೋಟೆ ಸಿಕ್ಕರೆ ಒಳಗೇನಿದೆ ಅಂತ ಒಡೆದು ನೋಡಬೇಡಿ!

ವಿನಾಯಿತಿ ಸಿಕ್ಕರೂ ಕೋರ್ಸ್ ಮಾಡಿ ಅನ್ನುವವಳು ನಾನು. ಯಾಕೆ ಗೊತ್ತಾ? ನಮ್ಮ ವಾರ್ಡುಗಳಲ್ಲಿ ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು ಆಯಾ ಅಥವಾ ರೋಗಿಯ ಕಡೆಯವರ ಕೆಲಸ. ನಾವು ಇಂಜೆಕ್ಷನ್, ಡ್ರಿಪ್, ಕೇಸ್‌ಶೀಟಿನಲ್ಲೇ ಮುಳುಗಿರುತ್ತಿದ್ದೆವು. ಇಲ್ಲಿ ಪರೀಕ್ಷೆ ಮಾಡುವುದು ನಾವು ಮಾಡದೇ ಬಿಟ್ಟ ಕೆಲಸವನ್ನೇ.

ದುಡ್ಡಿನ ಚಿಂತೆ ಇದ್ದರೆ, ಮೊದಲು ಕೆಲಸಕ್ಕೆ ತೆಗೆದುಕೊಂಡು ಆಮೇಲೆ ಕಲಿಸುವ ನರ್ಸಿಂಗ್ ಹೋಮ್ ಹುಡುಕಿ. ಮೆಡಿಕೇರ್, ಮೆಡಿಕೆಯ್ಡ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಹಣ ಪಡೆಯುವ ನರ್ಸಿಂಗ್ ಹೋಮ್‌ಗಳು ಹಾಗೆ ಸೇರಿದವರಿಂದ ತರಬೇತಿಯ ಫೀಸು ವಸೂಲು ಮಾಡುವಂತಿಲ್ಲ. ‘ಪೂರ್ತಿ ಆನ್‌ಲೈನ್, ವಾರದಲ್ಲಿ ಸರ್ಟಿಫಿಕೇಟ್’ ಅನ್ನುವ ಜಾಹೀರಾತಿಗೆ ಮಾತ್ರ ಬೀಳಬೇಡಿ. ಆ 16 ಗಂಟೆಯನ್ನು ಕಂಪ್ಯೂಟರಿನಲ್ಲಿ ಮುಗಿಸಲು ಆಗುವುದಿಲ್ಲ.

3. ಕಾಗದ ಪತ್ರ. ಬೆರಳಚ್ಚು, ಲಸಿಕೆಯ ದಾಖಲೆ, ಟಿಬಿ ಪರೀಕ್ಷೆ. ಚಿಕ್ಕಂದಿನಲ್ಲಿ ಬಿಸಿಜಿ (ಟಿಬಿ ಲಸಿಕೆ) ಹಾಕಿಸಿಕೊಂಡವರಿಗೆ ಚರ್ಮಕ್ಕೆ ಚುಚ್ಚಿ ಮಾಡುವ ಟಿಬಿ ಪರೀಕ್ಷೆ ಸುಮ್ನೆ ಪಾಸಿಟಿವ್ ತೋರಿಸಬಹುದು. ರಕ್ತದ ಪರೀಕ್ಷೆ ಮಾಡಿಸುತ್ತೇನೆ ಎಂದು ಮೊದಲೇ ಕೇಳಿ, ಬಿಸಿಜಿಯಿಂದ ಅದಕ್ಕೆ ತೊಂದರೆ ಇಲ್ಲ. ಇನ್ನೊಂದು ನಮ್ಮವರದೇ ತಲೆನೋವು ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ‘ಕೆ.ಎಸ್.’, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಪೂರ್ತಿ. ಗುರುತಿನ ಚೀಟಿಯಲ್ಲಿ ಹೇಗಿದೆಯೋ ಅರ್ಜಿಯಲ್ಲೂ ಹಾಗೇ ಬರೆಯಿರಿ. ಇಲ್ಲದಿದ್ದರೆ ಪರೀಕ್ಷೆಯ ದಿನ ಬಾಗಿಲಿನಿಂದಲೇ ವಾಪಸ್ ಕಳಿಸಿಬಿಡಬಹುದು.

4. ಬರಹದ ಪರೀಕ್ಷೆ. ಓದಿದವರಿಗೆ ಸುಲಭ. ‘ನಾನೇ ಔಷಧಿ ಕೊಡುತ್ತೇನೆ’ ಅನ್ನುವ ಉತ್ತರ ಕಂಡರೆ ಬಿಟ್ಟುಬಿಡಿ, ‘ನರ್ಸ್‌ಗೆ ತಿಳಿಸುತ್ತೇನೆ’ ಅನ್ನುವುದು ಹೆಚ್ಚಾಗಿ ಸರಿ ಇರುತ್ತದೆ.

5. ಕೌಶಲದ ಪರೀಕ್ಷೆ. ನಮ್ಮವರು ಮುಗ್ಗರಿಸುವುದು ಇಲ್ಲಿ. ಬಹಳಷ್ಟು ರಾಜ್ಯಗಳಲ್ಲಿ ಐದು ಕೆಲಸ ಮಾಡಿ ತೋರಿಸಬೇಕು. ಯಾವುದು ಬರುತ್ತದೋ ಮೊದಲೇ ಹೇಳುವುದಿಲ್ಲ, ಆದರೆ ಕೈ ತೊಳೆಯುವುದು ಇದ್ದೇ ಇರುತ್ತದೆ. ಪರೀಕ್ಷಕರ ಕೈಯಲ್ಲಿ ಒಂದು ಪಟ್ಟಿ. ಅದರಲ್ಲಿ ಕೆಲವು ಹೆಜ್ಜೆ ತಪ್ಪಿದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಆ ಕೆಲಸದಲ್ಲಿ ಫೇಲು.

ಕೈ ತೊಳೆಯುವಾಗ ಕೈಬೆರಳು ಕೆಳಮುಖವಾಗಿರಲಿ, ಮೊಣಕೈಗಿಂತ ಕೆಳಗೆ. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಉಜ್ಜಿ. ಬೆರಳ ಸಂದಿ, ಮಣಿಕಟ್ಟು ಬಿಡಬೇಡಿ, ಉಗುರನ್ನು ಇನ್ನೊಂದು ಅಂಗೈಗೆ ತಿಕ್ಕಿ. ಮಣಿಕಟ್ಟಿನಿಂದ ಬೆರಳ ತುದಿಯ ಕಡೆಗೆ ನೀರು ಇಳಿಯಲಿ. ಒರೆಸಿಕೊಂಡ ಮೇಲೆ ನಲ್ಲಿಯನ್ನು ಬರಿಗೈಯಲ್ಲಿ ಮುಟ್ಟಿದಿರೋ, ಕಥೆ ಮುಗಿಯಿತು. ಒಣಗಿದ ಹೊಸ ಪೇಪರ್ ಟವೆಲ್ ಹಿಡಿದು ನಿಲ್ಲಿಸಿ. ಸಿಂಕಿನ ಒಳಬದಿ ತಾಗಿದರೆ ಮತ್ತೆ ಮೊದಲಿಂದ.

ನಾಡಿ ಎಣಿಸುವುದು ಪೂರ್ತಿ ಒಂದು ನಿಮಿಷ. ನಾನು ಫೇಲಾಗಿದ್ದು ಇಲ್ಲೇ. ಅಭ್ಯಾಸಬಲದಿಂದ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿಬಿಟ್ಟೆ. ಲೆಕ್ಕ ಸರಿಯಿತ್ತು, ಫಲಿತಾಂಶ ಸರಿ ಬರಲಿಲ್ಲ. ಸ್ಮಾರ್ಟ್‌ವಾಚ್ ಮನೆಯಲ್ಲಿಟ್ಟು, ಸೆಕೆಂಡಿನ ಮುಳ್ಳಿರುವ ಹಳೇ ಮಾದರಿಯ ವಾಚ್ ಕಟ್ಟಿಕೊಂಡು ಹೋಗಿ.

ಬಟ್ಟೆ ಹಾಕುವಾಗ ಬಲ ಕಡಿಮೆ ಇರುವ ಕೈಗೆ ಮೊದಲು, ತೆಗೆಯುವಾಗ ಆ ಕೈಯದು ಕೊನೆಗೆ. ವೀಲ್‌ಚೇರಿಗೆ ಕೂರಿಸುವ ಮುಂಚೆ ಚಕ್ರದ ಲಾಕ್ ಹಾಕಿ. ಮೂತ್ರ ಅಳೆಯುವಾಗ ಪಾತ್ರೆಯನ್ನು ಎತ್ತಿ ಹಿಡಿಯಬೇಡಿ, ಸಮತಟ್ಟಾದ ಕಡೆ ಇಟ್ಟು ನೀವೇ ಬಗ್ಗಿ ನೋಡಿ.

ಇದಕ್ಕಿಂತ ಜಾಸ್ತಿ ಅಂಕ ಹೋಗುವುದು ಮಾತಾಡದೇ ಇರುವುದರಿಂದ. ಬಾಗಿಲು ತಟ್ಟಿ, ಹೆಸರು ಹೇಳಿ, ಏನು ಮಾಡುತ್ತೀರಿ ಅಂತ ಒಂದೊಂದೂ ಹೇಳಿ, ಪರದೆ ಎಳೆಯಿರಿ. ಊರಲ್ಲಿ ‘ಅಜ್ಜಿ, ಸ್ವಲ್ಪ ಮಗ್ಗುಲಾಗಿ’ ಅಂದು ಹೊರಳಿಸಿಬಿಡುತ್ತಿದ್ದೆವು, ಅಲ್ವಾ? ಇಲ್ಲಿ ಅದು ನಡೆಯುವುದಿಲ್ಲ. ಮುಗಿದ ಮೇಲೆ ಮಂಚ ತಗ್ಗಿಸಿ, ಸಹಾಯಕ್ಕೆ ಕರೆಯುವ ಕಾಲ್ ಲೈಟ್ ಗುಂಡಿ ರೋಗಿಯ ಕೈಗೆ ಸಿಗುವಂತೆ ಇಡಿ. ನಡುವೆ ತಪ್ಪಾಯಿತು ಅನ್ನಿಸಿದರೆ ಗಾಬರಿ ಬೇಡ. ಆ ಕೆಲಸ ಮುಗಿಸುವ ಮೊದಲೇ ‘ಇದನ್ನು ಸರಿಮಾಡುತ್ತೇನೆ’ ಎಂದು ಬಾಯಿಬಿಟ್ಟು ಹೇಳಿ, ಮಾಡಿ ತೋರಿಸಿ.

ನಾನು ಅಭ್ಯಾಸ ಮಾಡಿದ್ದು ಮನೆಯ ಸೋಫಾ ಮೇಲೆ, ಗಂಡನನ್ನೇ ರೋಗಿ ಮಾಡಿಕೊಂಡು. ಎರಡು ವಾರ ಪಾಪ ದಿನಾ ಸಂಜೆ ಎಡಗೈ ಸ್ವಾಧೀನ ಇಲ್ಲದವರಂತೆ ಮಲಗುತ್ತಿದ್ದರು.

6. ಪಾಸಾದರೆ ರಾಜ್ಯದ ನರ್ಸ್ ಏಡ್ ರಿಜಿಸ್ಟ್ರಿಯಲ್ಲಿ ಹೆಸರು ಸೇರುತ್ತದೆ. ಸತತ 24 ತಿಂಗಳು ಸಂಬಳದ ಆರೈಕೆ ಕೆಲಸ ಮಾಡದೇ ಇದ್ದರೆ ಮತ್ತೆ ಹಳೇ ದಾರಿಯೇ. ಬಾಣಂತನಕ್ಕೆ ಅಂತ ಊರಿಗೆ ಹೋಗುವವರು ತಾರೀಖು ಲೆಕ್ಕ ಹಾಕಿಕೊಳ್ಳಿ, ಸಂಬಳದ ಚೀಟಿಗಳನ್ನು ಎತ್ತಿಟ್ಟುಕೊಂಡಿರಿ.