ಜಿಎಸ್‌ಟಿ ನೋಟಿಸಿಗೆ ಎಐ ಕೈಲಿ ಉತ್ತರ ಬರೆಸುವುದು ಹೇಗೆ?

ಮುಂಬೈನ ಮಾಟುಂಗಾದಲ್ಲಿ ನನ್ನ ಪುಟ್ಟ ಟ್ಯಾಕ್ಸ್ ಆಫೀಸು. ಗಿರಾಕಿಗಳಲ್ಲಿ ಕುಂದಾಪುರ, ಉಡುಪಿ ಕಡೆಯ ಹೋಟೆಲಿನವರೇ ಜಾಸ್ತಿ. ನೋಟಿಸು ಬಂತೆಂದರೆ ಮೊದಲು ವಾಟ್ಸಾಪಿನಲ್ಲಿ ಫೋಟೋ ಬರುತ್ತದೆ, ಹಿಂದೆಯೇ ಫೋನು. ಈಗೀಗ ಅವರ ಮಕ್ಕಳು ಚಾಟ್‌ಜಿಪಿಟಿಯಲ್ಲಿ ಉತ್ತರವನ್ನೂ ಬರೆಸಿ ಕಳಿಸುತ್ತಾರೆ. ನೋಡಲು ಚೆಂದ ಇರುತ್ತದೆ. ಆದರೆ ಮೊದಲ ಸಾಲಿನಲ್ಲೇ ‘ನಮ್ಮಿಂದಾದ ತಪ್ಪಿಗೆ ವಿಷಾದಿಸುತ್ತೇವೆ’ ಅಂತ! ಆಗದ ತಪ್ಪನ್ನು ನಾವೇ ಒಪ್ಪಿಕೊಂಡರೆ ಆಮೇಲೆ ವಾದ ಮಾಡಲು ಏನು ಉಳಿಯುತ್ತದೆ?

‘ನೋಟಿಸ್ ಬಂದಿದೆ, ಉತ್ತರ ಬರೆ’ ಅಂದರೆ ಎಐಗೆ ನಮ್ಮ ಕಡೆಯ ಮಾತು ಗೊತ್ತಾಗುವುದಾದರೂ ಹೇಗೆ, ಅಲ್ವಾ? ಅದನ್ನು ತೆರೆಯುವ ಮುಂಚೆ ನಿಮ್ಮ ವಾದವನ್ನು ಕಾಗದದ ಮೇಲೆ ಎರಡು ಸಾಲಿನಲ್ಲಿ ನೀವೇ ಬರೆಯಿರಿ. ಬರೆಯಲು ಆಗಲಿಲ್ಲವೆಂದರೆ ಕೇಸು ಇನ್ನೂ ನಿಮಗೇ ಅರ್ಥವಾಗಿಲ್ಲ. ಆಗ ಎಐ ಮುಚ್ಚಿ ಲೆಡ್ಜರ್ ತೆಗೆಯಿರಿ.

ಒಂದು ಎಎಸ್‌ಎಂಟಿ-10, ಅಂದರೆ ರಿಟರ್ನಿನಲ್ಲಿ ವ್ಯತ್ಯಾಸ ಕಂಡಾಗ ಅಧಿಕಾರಿ ಕಳಿಸುವ ನೋಟಿಸು, ಬಂದಿದೆ ಅಂದುಕೊಳ್ಳಿ. ಎಎಸ್‌ಎಂಟಿ-11 ಎಂಬ ನಮೂನೆಯಲ್ಲಿ ಉತ್ತರಿಸಲು ಸಾಮಾನ್ಯವಾಗಿ 30 ದಿನ. ಪುಸ್ತಕದಲ್ಲಿರುವ ಮಾರಾಟಕ್ಕೂ ಕಟ್ಟಿದ ತೆರಿಗೆಗೂ ತಾಳೆಯಾಗುತ್ತಿಲ್ಲ ಎಂಬುದು ಆಕ್ಷೇಪ. ಹೋಟೆಲಿನವರ ವಿಷಯದಲ್ಲಿ ನಾನು ಮೊದಲು ನೋಡುವುದು ಸ್ವಿಗ್ಗಿ, ಜೊಮ್ಯಾಟೊ ಮಾರಾಟ. 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋದ ಊಟ ತಿಂಡಿಯ 5% ಜಿಎಸ್‌ಟಿ ಕಟ್ಟುವುದು ಆ್ಯಪಿನವರು, ಜಿಎಸ್‌ಟಿ ಕಾಯ್ದೆಯ ಕಲಂ 9(5)ರ ಪ್ರಕಾರ. ಮಾರಾಟ ಮಾತ್ರ ನಮ್ಮ ಪುಸ್ತಕದಲ್ಲಿ ಇರುತ್ತದೆ. ಮಾರಾಟ, ತೆರಿಗೆಯ ಲೆಕ್ಕ ಒಪ್ಪಿಸುವ 3ಬಿ ರಿಟರ್ನಿನಲ್ಲಿ ಅದನ್ನು ತೋರಿಸಲು 3.1.1 ಅಂತ ಬೇರೆ ಟೇಬಲ್ಲೇ ಇದೆ.

ಈಗ ಎಐಗೆ ನಾನು ಹೇಳುವುದು ಹೀಗೆ:

“ನೀನು ಬರೆಯುವುದು ಜಿಎಸ್‌ಟಿ ಅಧಿಕಾರಿಗೆ, ಎಎಸ್‌ಎಂಟಿ-11ರ ಉತ್ತರ. ನಮ್ಮ ವಾದ ಇಷ್ಟೇ: ವ್ಯತ್ಯಾಸದ ಮೊತ್ತ ಆ್ಯಪ್ ಮಾರಾಟದ್ದು, ಅದರ ತೆರಿಗೆಯ ಹೊಣೆ ಆ್ಯಪಿನವರದು. ನೋಟಿಸು, ಕಲಂ 9(5), ತಿಂಗಳವಾರು ಪಟ್ಟಿ ಕೆಳಗಿವೆ. ಇವನ್ನು ಬಿಟ್ಟು ಬೇರೆ ಕಲಂ, ತೀರ್ಪು, ಸರ್ಕ್ಯುಲರ್ ತರಬೇಡ. ಕ್ಷಮೆ ಕೇಳಬೇಡ. ಹಣ ಕಟ್ಟುತ್ತೇವೆ ಅನ್ನಬೇಡ. ಒಂದು ಪುಟ ಸಾಕು. ಬರೆಯುವ ಮುಂಚೆ ಯಾವ ದಾಖಲೆ ಕಮ್ಮಿ ಇದೆ ಅಂತ ಕೇಳು.”

ಇದರಲ್ಲಿ ಬೆಲೆ ಜಾಸ್ತಿ ಇರುವುದು ಕೊನೆಯ ಸಾಲಿಗೆ. ‘ಎಲ್ಲ ತಿಂಗಳೂ 3.1.1ರಲ್ಲೇ ತೋರಿಸಿದ್ದೀರಾ?’ ಎಂಬ ಪ್ರಶ್ನೆ ಬಂತೆಂದರೆ ಅರ್ಧ ಕೆಲಸ ಆದಂತೆ. ಯಾವುದೋ ತಿಂಗಳು ಅದು ಬೇರೆ ಕಾಲಮ್ಮಿಗೆ ಹೋಗಿದ್ದರೆ ವಾದವನ್ನೇ ತುಸು ಬದಲಿಸಬೇಕಾಗುತ್ತದೆ.

ತೀರ್ಪು ತರಬೇಡ ಅನ್ನುವುದು ಸುಮ್ನೆ ಅಲ್ಲ, ಎಐ ಇಲ್ಲದ ತೀರ್ಪನ್ನೂ ಹುಟ್ಟಿಸಿಬಿಡುವುದುಂಟು. 2025ರ ಅಕ್ಟೋಬರಿನಲ್ಲಿ ನಮ್ಮ ಬಾಂಬೆ ಹೈಕೋರ್ಟು ಆದಾಯ ತೆರಿಗೆಯ ಒಂದು ಅಸೆಸ್‌ಮೆಂಟ್ ಆದೇಶವನ್ನು ರದ್ದು ಮಾಡಿತು. ಅದರಲ್ಲಿ ಹೆಸರಿಸಿದ್ದ ತೀರ್ಪುಗಳು ಹುಡುಕಿದರೆ ಎಲ್ಲೂ ಇರಲಿಲ್ಲ. ಅಧಿಕಾರಿಗಳಿಗೇ ಈ ಪಾಡು! ದರಗಳ ಕಥೆಯೂ ಅದೇ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪ 12%ರಿಂದ 5%ಕ್ಕೆ ಇಳಿದಿವೆ. ಹಳೆಯ ನೆನಪಿನಿಂದ ಉತ್ತರಿಸುವ ಎಐ ಇನ್ನೂ 12 ಅಂದೀತು. ಅದಕ್ಕೇ ಕಾನೂನಿನ ಪಠ್ಯವನ್ನು ಸರ್ಕಾರಿ ವೆಬ್‌ಸೈಟಿನಿಂದ ನಾನೇ ತಂದು ಅಂಟಿಸುತ್ತೇನೆ. ಕೂಡುವ ಕಳೆಯುವ ಲೆಕ್ಕ ಎಕ್ಸೆಲ್‌ನಲ್ಲೇ ಆಗಲಿ.

ಕರಡು ಬಂದ ಮೇಲೆ ‘ಚೆನ್ನಾಗಿದೆಯಾ?’ ಅಂತ ಅಲ್ಲೇ ಕೇಳಬೇಡಿ, ತನ್ನ ಬರಹವನ್ನು ತಾನೇ ಹೊಗಳಿಕೊಳ್ಳುತ್ತದೆ. ಹೊಸ ಚಾಟ್ ತೆರೆದು ನೋಟಿಸು, ಕರಡು ಎರಡನ್ನೂ ಹಾಕಿ, ‘ನೀನೇ ಅಧಿಕಾರಿ. ಈ ಉತ್ತರವನ್ನು ತಳ್ಳಿಹಾಕಲು ಕಾರಣ ಹುಡುಕು’ ಅನ್ನಿ. ಸಿಕ್ಕ ಕಾರಣಗಳಲ್ಲಿ ಕೆಲವು ಬರೀ ಜಳ್ಳು. ಆದರೆ ‘ಆ್ಯಪಿನ ಸ್ಟೇಟ್‌ಮೆಂಟ್ ಲಗತ್ತಿಸಿಲ್ಲ’ ಎಂಬಂಥದ್ದು ಒಂದು ಸಿಕ್ಕರೂ ಸಾಕು.

ಗಿರಾಕಿಯ ಗುಟ್ಟಿನ ವಿಷಯದಲ್ಲಿ ಹುಷಾರು. ಹೆಸರು, ವಿಳಾಸ ತೆಗೆದು ‘ಹೋಟೆಲ್ ಎ’ ಅಂತ ಹಾಕಿ. ಪ್ಯಾನ್ ಅಳಿಸಿ ಜಿಎಸ್‌ಟಿ ನಂಬರ್ ಹಾಗೇ ಬಿಡುವವರಿದ್ದಾರೆ. ಆ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು, ಮಹಾರಾಷ್ಟ್ರಕ್ಕೆ 27. ಮುಂದಿನ ಹತ್ತು ಪ್ಯಾನೇ. ಎರಡನ್ನೂ ಅಳಿಸಿ, ಕೊನೆಗೆ ವರ್ಡ್ ಫೈಲಿನಲ್ಲಿ ನಿಮ್ಮ ಕೈಯಿಂದಲೇ ತುಂಬಿಕೊಳ್ಳಿ.