ಭಾರ ಬೀಳುವ ಜಾಗ: ಬೈಕ್ ಜಿಗಿತದಲ್ಲಿ ನನ್ನ ಅನುಭವ

1984ರ ಮೇ ತಿಂಗಳಲ್ಲಿ, ಮೈಸೂರಿನ ಹೊರವಲಯದ ಬತ್ತಿದ ಕೆರೆಯೊಂದರ ಅಂಗಳದಲ್ಲಿ, ನಾನು ಯೆಜ್ಡಿ ಬೈಕಿನಲ್ಲಿ ಹನ್ನೆರಡು ಖಾಲಿ ಡಾಂಬರು ಡ್ರಮ್ಮುಗಳನ್ನು ಹಾರಿ ದಾಟಿದೆ. ಎರಡು ರ‍್ಯಾಂಪುಗಳ (ಬೈಕು ಹತ್ತಲು ಒಂದು, ಇಳಿಯಲು ಇನ್ನೊಂದು ಹಲಗೆಯ ಇಳಿಜಾರು) ನಡುವೆ 9 ಮೀಟರ್ ಅಂತರವಿತ್ತು. ಗಾಳಿಯಲ್ಲಿದ್ದ ಹೊತ್ತು ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಆ ಮುಕ್ಕಾಲು ಸೆಕೆಂಡಿಗಾಗಿ ನಾಲ್ಕು ತಿಂಗಳು ಪಟ್ಟ ಪಾಡಿನಿಂದಲೇ, ಬಸ್ಸುಗಳ ಸಾಲನ್ನೂ ಕಾರಂಜಿಗಳನ್ನೂ ಹಾರಲು ಹೋದ ಆ ಕಾಲದ ಸಾಹಸಿಗಳ ಕೆಲಸ ಎಂಥದ್ದೆಂಬುದು ನನಗೆ ಅರ್ಥವಾಯಿತು. ಅವರನ್ನು ಹುಚ್ಚು ಧೈರ್ಯದವರೆಂದು ಕರೆದು ಸುಮ್ಮನಾಗುವವರನ್ನು ಕಂಡಾಗಲೆಲ್ಲ ಇದನ್ನು ಬರೆಯಬೇಕೆನ್ನಿಸುತ್ತಿತ್ತು.

ನಾನಾಗ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿಗೆ ಯಾರೋ ತಂದುಹಾಕಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಮೆರಿಕದ ಬೈಕ್ ಸಾಹಸಿ ಈವಲ್ ಕ್ನೀವಲ್ ಅವರ ಚಿತ್ರವಿತ್ತು. 1975ರ ಮೇ 26ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ತುಂಬಿ ತುಳುಕುತ್ತಿದ್ದ ಜನರೆದುರು, ಅವರು ಸಾಲಾಗಿ ನಿಂತ 13 ಬಸ್ಸುಗಳ ಮೇಲೆ ಬೈಕನ್ನು ಹಾರಿಸಿದ್ದರು. ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆದರೂ ಇಬ್ಬರ ಹೆಗಲು ಹಿಡಿದು ಎದ್ದು ನಿಂತು, ಇನ್ನು ಮುಂದೆ ಹಾರುವುದಿಲ್ಲವೆಂದು ಮೈಕಿನಲ್ಲಿ ಹೇಳಿದರು. ಐದು ತಿಂಗಳು ಕಳೆಯುವುದರೊಳಗೆ ಅಮೆರಿಕದ ಓಹಾಯೋದಲ್ಲಿರುವ ಕಿಂಗ್ಸ್ ಐಲ್ಯಾಂಡ್ ಎಂಬ ಮನೋರಂಜನಾ ಉದ್ಯಾನದಲ್ಲಿ ಅವರೇ 14 ಬಸ್ಸುಗಳನ್ನು, ಅಂದರೆ 133 ಅಡಿ ದೂರವನ್ನು, ಹಾರಿ ಸುರಕ್ಷಿತವಾಗಿ ಇಳಿದರು. ಜಾತ್ರೆಗಳ ಮರಣಬಾವಿಯಲ್ಲಿ ಗೋಡೆಯ ಮೇಲೆ ಬೈಕ್ ಓಡಿಸುವವರನ್ನು ನೋಡಿ ಬೆಳೆದಿದ್ದ ನನಗೆ, ಗೋಡೆಯ ಆಸರೆಯೂ ಇಲ್ಲದೆ ಬೈಕೊಂದು ಆಕಾಶದಲ್ಲಿ ನಿಂತಿದ್ದ ಆ ಚಿತ್ರ ಹಗಲಿರುಳು ಕಾಡಿತು.

ಹಲಗೆ ಜೋಡಿಸಿಕೊಡಲು ಒಪ್ಪಿದ ಬಡಗಿಯವರು ನಾನು ಬರೆದುಕೊಂಡು ಹೋಗಿದ್ದ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಹತ್ತುವ ರ‍್ಯಾಂಪಿನ ಉದ್ದ, ಎತ್ತರ, ಮೊಳೆಗಳ ಲೆಕ್ಕ ಎಲ್ಲವೂ ಅದರಲ್ಲಿತ್ತು. ಆಮೇಲೆ ಕೇಳಿದರು: "ಅದೆಲ್ಲ ಸರಿ ಕಣಪ್ಪಾ, ಇಳಿಯುವಾಗ ಭಾರ ಎಲ್ಲಿ ಬೀಳುತ್ತೆ? ಅದನ್ನು ಹೇಳು, ಕಂಬ ಅಲ್ಲಿ ಕೊಡ್ತೀನಿ." ನನ್ನಲ್ಲಿ ಉತ್ತರವಿರಲಿಲ್ಲ. ಇಳಿಯುವ ಹಲಗೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲವೆಂಬುದು ಅಲ್ಲಿ ನಿಂತಾಗಲೇ ಹೊಳೆಯಿತು.

ಪಿಯುಸಿಯಲ್ಲಿ ಓದಿ ಮರೆತಿದ್ದ ಭೌತಶಾಸ್ತ್ರದ ಪುಸ್ತಕವನ್ನು ಅಟ್ಟದಿಂದ ಇಳಿಸಿದೆ. ಹಲಗೆ 5 ಮೀಟರ್ ಉದ್ದ ಮತ್ತು 1.3 ಮೀಟರ್ ಎತ್ತರವಿದ್ದರೆ ಏರುಕೋನ ಸುಮಾರು 15 ಡಿಗ್ರಿ ಆಗುತ್ತದೆ. ಆ ಕೋನದಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ ಹೊರಟ ಬೈಕು, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 9.8 ಮೀಟರ್ ದೂರ ಹೋಗುತ್ತದೆ. ವೇಗ 45ಕ್ಕೆ ಇಳಿದರೆ ಅದು 8 ಮೀಟರಿಗೇ ಮುಗಿಯುತ್ತದೆ, 55ಕ್ಕೆ ಏರಿದರೆ 12 ಮೀಟರಿನ ಹತ್ತಿರ ಹೋಗುತ್ತದೆ. ರಸ್ತೆಯಲ್ಲಿ ಯಾರ ಗಮನಕ್ಕೂ ಬಾರದ ಐದು ಕಿಲೋಮೀಟರ್ ವೇಗದ ವ್ಯತ್ಯಾಸ ಇಲ್ಲಿ ಎರಡು ಮೀಟರ್ ಆಗುತ್ತದೆ. ಆ ಎರಡು ಮೀಟರಿನಲ್ಲಿ ಹಲಗೆಯ ಬದಲು ಡ್ರಮ್ಮು ಸಿಗಬಹುದು. ಈ ಲೆಕ್ಕವನ್ನು ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ ಬಂತು.

ವೇಗವನ್ನು ಸ್ಪೀಡೋಮೀಟರಿನಲ್ಲಿ ನೋಡಿಕೊಳ್ಳುವಂತಿರಲಿಲ್ಲ, ಏಕೆಂದರೆ ರ‍್ಯಾಂಪಿನತ್ತ ಹೋಗುವಾಗ ಕಣ್ಣು ಹಲಗೆಯ ಮೇಲೆಯೇ ಇರಬೇಕು. ಆದ್ದರಿಂದ ನೆಲದ ಮೇಲೆ 50 ಮೀಟರ್ ಅಂತರದಲ್ಲಿ ಸುಣ್ಣದ ಎರಡು ಗೆರೆ ಎಳೆದು, ಗೆಳೆಯನ ಕೈಗೆ ಸ್ಟಾಪ್ ವಾಚ್ ಕೊಟ್ಟೆ. 3.6 ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ ಸರಿಯಾಗಿ 50 ಕಿ.ಮೀ. ಪ್ರತಿದಿನ ಬೆಳಿಗ್ಗೆ ಇಪ್ಪತ್ತು, ಮೂವತ್ತು ಸಲ ಓಡಿಸಿ, ಮೂರನೇ ಗೇರಿನಲ್ಲಿ ಆ ವೇಗಕ್ಕೆ ಎಂಜಿನ್ನಿನ ಸದ್ದು ಹೇಗಿರುತ್ತದೆಂಬುದನ್ನು ಕಿವಿಗೆ ಕಲಿಸಿದೆ. ಮೈಸೂರಿನಲ್ಲೇ ತಯಾರಾಗುತ್ತಿದ್ದ, ಗೇರ್ ಲಿವರನ್ನೇ ಒಳಕ್ಕೊತ್ತಿ ತಿರುಗಿಸಿದರೆ ಕಿಕ್ ಆಗುತ್ತಿದ್ದ ಆ ಟೂ ಸ್ಟ್ರೋಕ್ ಬೈಕಿನ ಸದ್ದು ಇಂದಿಗೂ ನನಗೆ ಬಾಯಿಪಾಠ.

ಅಷ್ಟಾದರೂ ಬಿದ್ದೆ. ಫೆಬ್ರವರಿಯಲ್ಲಿ ಇಟ್ಟಿಗೆ ಗೂಡಿನ ಪಕ್ಕದ ಬಯಲಿನಲ್ಲಿ, ಎರಡಡಿ ಎತ್ತರದ ಸಣ್ಣ ರ‍್ಯಾಂಪಿನಿಂದ ಮೆತ್ತನೆಯ ಮಣ್ಣಿಗೆ ಹಾರುವ ಅಭ್ಯಾಸ ನಡೆಸುತ್ತಿದ್ದಾಗ, ಹಲಗೆಯ ತುದಿಯಲ್ಲಿ ಒಂದು ಗಳಿಗೆ ಭಯವಾಗಿ ಆಕ್ಸಿಲರೇಟರ್ ಬಿಟ್ಟೆ. ಗಾಳಿಯಲ್ಲಿರುವ ಬೈಕಿನ ಹಿಂದಿನ ಚಕ್ರದ ವೇಗ ತಗ್ಗಿದರೆ ಮುಂಭಾಗ ಕೆಳಕ್ಕೆ ಬಾಗುತ್ತದೆ, ವೇಗ ಹೆಚ್ಚಿದರೆ ಮೇಲಕ್ಕೇಳುತ್ತದೆ. ಇದನ್ನು ನಾನು ಓದಿ ತಿಳಿದುಕೊಂಡದ್ದಲ್ಲ. ಮುಂದಿನ ಚಕ್ರ ಮೊದಲು ನೆಲಕ್ಕೆ ಬಡಿಯಿತು, ಆ ಚಕ್ರವನ್ನು ಹಿಡಿದಿರುವ ಸ್ಪ್ರಿಂಗಿನ ಫೋರ್ಕ್ ಪೂರ್ತಿ ಕುಗ್ಗಿ ಲೋಹಕ್ಕೆ ಲೋಹ ತಾಕಿದ ಸದ್ದು ಕೇಳಿಸಿತು, ನಾನು ಹ್ಯಾಂಡಲ್ ಮೇಲಿನಿಂದ ಹಾರಿ ಬಿದ್ದೆ. ಎಡಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡೆ. ಅವ್ವ ನನ್ನೊಡನೆ ಎರಡು ದಿನ ಮಾತನಾಡಲಿಲ್ಲ.

ಕ್ನೀವಲ್ ಅವರ ಮೇಲಿನ ಗೌರವ ನಿಜವಾಗಿ ಬೆಳೆದದ್ದು ಆ ಆರು ವಾರಗಳಲ್ಲಿ. 1967ರ ಡಿಸೆಂಬರ್ 31ರಂದು ಲಾಸ್ ವೇಗಸ್ಸಿನ ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಕಾರಂಜಿಗಳನ್ನು ಅವರು ಟ್ರಯಂಫ್ ಬೋನವಿಲ್ ಬೈಕಿನಲ್ಲಿ ಹಾರಿದಾಗ ದೂರ 141 ಅಡಿ, ಅಂದರೆ 43 ಮೀಟರ್. ರ‍್ಯಾಂಪ್ ಏರುವಾಗ ಬೈಕು ಇದ್ದಕ್ಕಿದ್ದಂತೆ ವೇಗ ಕಳೆದುಕೊಂಡಿತೆಂದು ಅವರೇ ಹೇಳಿದ್ದರು. ಅವರು ಇಳಿಯಬೇಕಾದಲ್ಲಿಗೆ ಸ್ವಲ್ಪ ಮುಂಚೆಯೇ, ವ್ಯಾನಿನ ಮೇಲೆ ಹಾಸಿದ್ದ ಸುರಕ್ಷತೆಯ ಹಲಗೆಗೆ ಬಡಿದು, ಹ್ಯಾಂಡಲ್ ಕೈತಪ್ಪಿ, ಗೊಂಬೆಯಂತೆ ಉರುಳಿದರು. ಸೊಂಟ ಮತ್ತು ತೊಡೆಯ ಮೂಳೆ ಪುಡಿಯಾದವು. ಆ ದೃಶ್ಯವನ್ನು ಬಹಳ ವರ್ಷಗಳ ಮೇಲೆ ನಿಧಾನಗತಿಯಲ್ಲಿ ನೋಡಿದಾಗ ಬಡಗಿಯವರ ಪ್ರಶ್ನೆಯೇ ಮತ್ತೆ ಕಿವಿಗೆ ಬಿತ್ತು. ಹಾರಾಟದಲ್ಲಿ ಯಾವ ದೋಷವೂ ಕಣ್ಣಿಗೆ ಕಾಣುವುದಿಲ್ಲ. ಭಾರ ಬಿದ್ದ ಜಾಗವೊಂದು ತಪ್ಪಿತ್ತು.

ಇಳಿಜಾರಾದ ಹಲಗೆಯ ಮೇಲೆ, ಬೈಕು ಬರುತ್ತಿರುವ ಕೋನದಲ್ಲೇ ಇಳಿದರೆ ಪೆಟ್ಟು ಬಹಳ ಕಡಿಮೆ, ಏಕೆಂದರೆ ಚಕ್ರ ಹಲಗೆಯನ್ನು ಗುದ್ದುವ ಬದಲು ಸವರಿಕೊಂಡು ಹೋಗುತ್ತದೆ. ಸಮತಟ್ಟಾದ ಜಾಗದಲ್ಲಿ ಇಳಿದರೆ ಬೀಳುವ ವೇಗವಷ್ಟನ್ನೂ ಶಾಕ್ ಅಬ್ಸಾರ್ಬರ್ ಮತ್ತು ಸವಾರನ ಬೆನ್ನುಮೂಳೆ ಹಂಚಿಕೊಳ್ಳಬೇಕು. 1970ರ ಕೊನೆಯಿಂದ ಕ್ನೀವಲ್ ಬಳಸಿದ ಹಾರ್ಲೆ ಡೇವಿಡ್‌ಸನ್ ಎಕ್ಸ್‌ಆರ್ 750 ಮಣ್ಣಿನ ಚಪ್ಪಟೆ ಟ್ರ್ಯಾಕಿನಲ್ಲಿ ಓಡಲು ಮಾಡಿದ ಬೈಕು. ತೂಕದಲ್ಲಿ ನನ್ನ ಬೈಕಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ, ಅದರ ಸ್ಪ್ರಿಂಗು ಕುಗ್ಗುತ್ತಿದ್ದದ್ದು ಕೆಲವೇ ಅಂಗುಲ. ದಿಣ್ಣೆ ಹಾರುತ್ತಾ ಮಣ್ಣಿನ ಹಾದಿಯಲ್ಲಿ ಓಡುವ ಇಂದಿನ ಮೋಟೋಕ್ರಾಸ್ ಬೈಕುಗಳಲ್ಲಿ ಅದು ಸುಮಾರು 12 ಅಂಗುಲ. 1989ರಲ್ಲಿ ಅವರ ಮಗ ರಾಬಿ ಅದೇ ಕಾರಂಜಿಗಳನ್ನು ಹೋಂಡಾ ಸಿಆರ್ 500ರಲ್ಲಿ ಹಾರಿ ದಾಟಿದಾಗ ಬೈಕಿನ ವಿದ್ಯೆಯೇ ಬದಲಾಗಿತ್ತು. ಇದು ಮಗನ ಸಾಹಸವನ್ನು ಕಿರಿದುಮಾಡುವ ಮಾತಲ್ಲ. ತಂದೆ ಎಂಥ ಬೈಕಿನ ಮೇಲೆ ಕುಳಿತು ಹೊರಟಿದ್ದರೆಂಬುದನ್ನು ಓದುಗರು ಮರೆಯಬಾರದು.

ಕ್ನೀವಲ್ ಒಬ್ಬರನ್ನೇ ನೆನೆಯುವುದು ನ್ಯಾಯವೂ ಅಲ್ಲ. 1974ರ ಫೆಬ್ರವರಿಯಲ್ಲಿ ಡೆಬಿ ಲಾಲರ್ ಎಂಬ ಯುವತಿ ಅಮೆರಿಕದ ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಒಳಾಂಗಣ ಕ್ರೀಡಾಂಗಣದಲ್ಲಿ 16 ಕಾರುಗಳನ್ನು, 101 ಅಡಿ ದೂರ, ಸುಜುಕಿ ಬೈಕಿನಲ್ಲಿ ಹಾರಿದರು. ಮುಂದಿನ ತಿಂಗಳೇ ಇನ್ನೊಂದು ಜಿಗಿತದಲ್ಲಿ ಬೆನ್ನುಮೂಳೆ ಮುರಿದುಕೊಂಡರು. ಇಳಿಯುವ ರ‍್ಯಾಂಪನ್ನೇ ಇಡದೆ ನೇರವಾಗಿ ನೆಲಕ್ಕೆ ಇಳಿಯುವುದಕ್ಕೆ ಹೆಸರಾಗಿದ್ದ ಬಾಬ್ ಗಿಲ್, ಅದೇ ವರ್ಷ ವೆಸ್ಟ್ ವರ್ಜೀನಿಯಾದಲ್ಲಿ ಕೆರೆಯೊಂದನ್ನು ಹಾರಲು ಹೋಗಿ ಆಚೆ ದಡ ಮುಟ್ಟದೆ ಅಪ್ಪಳಿಸಿ, ಮುಂದೆಂದೂ ನಡೆಯದಂತಾದರು. ಅವರ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಣಿಕಟ್ಟಿಗೆ ಬಿದ್ದ ಪೆಟ್ಟು ಒಂದಿಷ್ಟು ಮೇಲೆ, ಕುತ್ತಿಗೆಗೆ ಬಿದ್ದಿದ್ದರೆ ಏನಾಗುತ್ತಿತ್ತೆಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಎಲ್ಲವನ್ನೂ ಹೊಸದಾಗಿ ಮಾಡಿದೆವು. ಹತ್ತುವ ಹಲಗೆಯನ್ನು ನೆಲದಿಂದ ಒಮ್ಮೆಲೇ ಏರಿಸದೆ ಬುಡದಲ್ಲಿ ಮಣ್ಣು ತುಂಬಿ ನುಣುಪುಗೊಳಿಸಿದೆವು; ಇಲ್ಲವಾದರೆ ಸ್ಪ್ರಿಂಗು ಬುಡದಲ್ಲಿ ಕುಗ್ಗಿ, ತುದಿಯಲ್ಲಿ ಚಿಮ್ಮಿ, ಹಿಂಭಾಗವನ್ನು ಎತ್ತಿಹಾಕುತ್ತದೆ. ಭಾರಕ್ಕೆ ಹಲಗೆ ಬಳುಕಿದರೆ ಕೋನವೇ ಬದಲಾಗುವುದರಿಂದ ಅಡಿಯಲ್ಲಿ ಸರ್ವೆ ಮರದ ಗಳುಗಳನ್ನು ಒತ್ತೊತ್ತಾಗಿ ಕೊಟ್ಟೆವು. ಇಳಿಯುವ ಹಲಗೆ ಎಂಟಡಿ ಅಗಲ. ಅದರ ಅಂಚಿನಿಂದ ಒಂದು ಮೀಟರ್ ಒಳಗೆ ಬಡಗಿಯವರು ಜೋಡಿ ಕಂಬ ನಿಲ್ಲಿಸಿ, ಮೇಲೆ ಸೀಮೆಸುಣ್ಣದಿಂದ ಅಡ್ಡ ಗೆರೆ ಎಳೆದರು.

ಅಂದು ಬೆಳಿಗ್ಗೆ ಗಾಳಿ ಏಳುವ ಮೊದಲೇ ಹೊರಟೆ. ಮೂರು ಸಲ ರ‍್ಯಾಂಪಿನ ಪಕ್ಕದಲ್ಲೇ ಓಡಿಸಿ ಸಮಯ ನೋಡಿಸಿಕೊಂಡೆ: 3.7, 3.6, 3.6. ನಾಲ್ಕನೆಯ ಸಲ ಹಲಗೆಯ ಕಡೆ ತಿರುಗಿಸಿದೆ. ಕಾಲಿಡುವ ಪೆಗ್ಗಿನ ಮೇಲೆ ಎದ್ದು ನಿಂತು, ಮಂಡಿ ಸಡಿಲಬಿಟ್ಟು, ಆಕ್ಸಿಲರೇಟರನ್ನು ಇದ್ದಲ್ಲೇ ಹಿಡಿದಿದ್ದೆ. ಹಲಗೆಯ ಗಡಗಡ ಸದ್ದು ನಿಂತಿತು, ಎಂಜಿನ್ನಿನ ಸದ್ದು ಮಾತ್ರ ಉಳಿಯಿತು, ಮತ್ತೆ ಹಲಗೆಯ ಸದ್ದು ಬಂತು. ಡ್ರಮ್ಮುಗಳನ್ನು ನಾನು ನೋಡಲೇ ಇಲ್ಲ.

ಬೈಕ್ ನಿಲ್ಲಿಸಿ ಹಿಂದಿರುಗಿ ಬಂದಾಗ ಬಡಗಿಯವರು ಆಗಲೇ ಹಲಗೆಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಟೇಪು ಹಿಡಿದಿದ್ದರು. ಹಿಂದಿನ ಚಕ್ರದ ಕಪ್ಪು ಗುರುತು ಸೀಮೆಸುಣ್ಣದ ಗೆರೆಗಿಂತ ನಾಲ್ಕು ಬೆರಳು ಈಚೆಗಿತ್ತು. ಅವರು ಕಂಬಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದರು. ಹಲಗೆಗಳನ್ನು ಬಾಡಿಗೆಗೆ ತಂದಿದ್ದೆವಾದ್ದರಿಂದ, ಬಿಸಿಲೇರುವ ಮೊದಲು ಎಲ್ಲರೂ ಸೇರಿ ಮೊಳೆ ಕಿತ್ತು, ಗಾಡಿಗೆ ಹೇರಿ ಕಳಿಸಿದೆವು.