ಮನೆಯಲ್ಲಿ ಕಟ್ಟಿದ ಬಂದೂಕು: ಅಮೆರಿಕದ ಶೂಟಿಂಗ್ ರೇಂಜಿಗೆ ಒಯ್ಯುವ ಮುಂಚೆ

ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಸ್ವಂತ ಬಳಕೆಗೆ ಮನೆಯಲ್ಲೇ ಬಂದೂಕು ಕಟ್ಟಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. 1968ರ ಗನ್ ಕಂಟ್ರೋಲ್ ಆಕ್ಟ್ ಲೈಸೆನ್ಸ್ ಕೇಳುವುದು ಅದನ್ನೇ ವ್ಯಾಪಾರ ಮಾಡಿಕೊಂಡವರಿಗೆ. ಆದರೆ ಇಷ್ಟನ್ನೇ ನಂಬಿ ರೇಂಜಿಗೆ ಹೊರಟವರು ಬೇರೆಡೆ ಸಿಕ್ಕಿಹಾಕಿಕೊಳ್ಳುತ್ತಾರೆ: ವೀಸಾ, ರಾಜ್ಯದ ಕಾನೂನು, ಬ್ಯಾರೆಲ್ಲಿನ ಉದ್ದ, ಕಾರಿನ ಡಿಕ್ಕಿ. ರೇಂಜ್ ಆಫೀಸರ್ ನೋಡುವುದು ಸುರಕ್ಷತೆಯನ್ನು. ಅವರು ಒಳಗೆ ಬಿಟ್ಟರು ಎಂದ ಮಾತ್ರಕ್ಕೆ ಬಂದೂಕು ಕಾನೂನಿಗೆ ಸರಿಯಾಗಿದೆ ಎಂದಲ್ಲ. ಆ ಪರೀಕ್ಷೆ ಮನೆಯಲ್ಲೇ ಮುಗಿಯಬೇಕು.

ಮೊದಲು ನೀವು ಯಾರು ಎಂಬುದು

ಕನ್ನಡಿಗರ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಇಲ್ಲೇ. ಎಚ್‌-1ಬಿ, ಎಚ್‌-4, ಎಲ್‌-1, ಎಫ್‌-1, ಬಿ-2 ಇಂಥ ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಕೈಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಫೆಡರಲ್ ಸಂಹಿತೆಯ 18ನೇ ಭಾಗದ 922(g)(5) ಹೇಳುವುದು ಇದನ್ನೇ. ಕೊಳ್ಳುವುದು ಮಾತ್ರವಲ್ಲ, ರೇಂಜಿನಲ್ಲಿ ಬಾಡಿಗೆಗೆ ಪಡೆದು ಹತ್ತು ಗುಂಡು ಹಾರಿಸಿದರೂ ಅದು ವಶದಲ್ಲಿ ಇಟ್ಟುಕೊಂಡಂತೆಯೇ. ಶಿಕ್ಷೆ 15 ವರ್ಷದವರೆಗೆ.

ಇದಕ್ಕೆ ಸಾಮಾನ್ಯರ ಕೈಗೆಟುಕುವ ವಿನಾಯಿತಿ ಒಂದಿದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ರಾಜ್ಯದ ಹಂಟರ್ ಎಜುಕೇಷನ್ ತರಗತಿ ಮುಗಿಸಿ, ಲೈಸೆನ್ಸ್ ತೆಗೆದುಕೊಂಡು, ಅದರ ಪ್ರತಿಯನ್ನು ಪಾಸ್‌ಪೋರ್ಟ್ ಮತ್ತು ಐ-94 (ದೇಶದೊಳಗೆ ಬಂದ ದಾಖಲೆ) ಜೊತೆಗೆ ಇಟ್ಟುಕೊಳ್ಳಿ. ಅವಧಿ ಮುಗಿಯುವ ತಾರೀಖನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಲೈಸೆನ್ಸ್ ಮುಗಿದ ಮರುದಿನವೇ ಬೀರುವಿನಲ್ಲಿರುವ ಬಂದೂಕು ಅಪರಾಧವಾಗುತ್ತದೆ. ವೀಸಾ ಅವಧಿ ಮೀರಿ ಉಳಿದವರಿಗೆ ಈ ವಿನಾಯಿತಿಯೂ ಇಲ್ಲ.

ಗ್ರೀನ್ ಕಾರ್ಡ್ ಇದ್ದವರಿಗೂ ಪೌರರಿಗೂ ಈ ತೊಡಕಿಲ್ಲ. ಆದರೆ ಅವರು ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಊರಿಂದ ಬಂದ ಅಪ್ಪನಿಗೋ, ಎಚ್‌-1ಬಿಯಲ್ಲಿರುವ ಗೆಳೆಯನಿಗೋ "ಒಂದು ಗುಂಡು ಹಾರಿಸಿ ನೋಡಿ" ಎಂದು ಕೊಟ್ಟರೆ, ಕೊಟ್ಟವರ ಮೇಲೂ 922(d) ಅಡಿ ಮೊಕದ್ದಮೆ ಬರಬಹುದು. ಪ್ರೀತಿಯಿಂದ ಕರೆದುಕೊಂಡು ಹೋಗಿ ಅವರ ವೀಸಾಕ್ಕೇ ಕುತ್ತು ತರಬೇಡಿ. ಅವರು ಪಕ್ಕದಲ್ಲಿ ನಿಂತು ನೋಡಲಿ, ಸಾಕು.

ಸೀರಿಯಲ್ ನಂಬರ್ ಮತ್ತು ರಾಜ್ಯ

ಅಂಗಡಿಯಲ್ಲಿ ನಂಬರ್ ಇರುವ ರಿಸೀವರ್ (ಬಂದೂಕಿನ ಮುಖ್ಯ ಚೌಕಟ್ಟು) ಕೊಂಡು, ಹಿನ್ನೆಲೆ ತಪಾಸಣೆ ಮುಗಿಸಿ, ಉಳಿದ ಭಾಗ ಜೋಡಿಸಿದ್ದರೆ ನಂಬರಿನ ಚಿಂತೆ ಇಲ್ಲ. ತೊಡಕು ಬರುವುದು ಅರೆ ಸಿದ್ಧ ರಿಸೀವರಿನಿಂದ ಅಥವಾ 3ಡಿ ಪ್ರಿಂಟರಿನಿಂದ ಮಾಡಿದ್ದರಲ್ಲಿ. ಸುಲಭವಾಗಿ ಬಂದೂಕಾಗಬಲ್ಲ ಕಿಟ್‌ಗಳಿಗೂ ನಂಬರ್ ಮತ್ತು ತಪಾಸಣೆ ಬೇಕೆಂದು ಬಂದೂಕುಗಳ ಉಸ್ತುವಾರಿ ನೋಡುವ ಫೆಡರಲ್ ಸಂಸ್ಥೆ ಎಟಿಎಫ್ 2022ರಲ್ಲಿ ನಿಯಮ ತಂದಿತು. ಬಾಂಡಿ ವಿರುದ್ಧ ವ್ಯಾಂಡರ್‌ಸ್ಟಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮಾರ್ಚ್ 26ರಂದು 7–2ರಿಂದ ಅದನ್ನು ಎತ್ತಿಹಿಡಿಯಿತು.

ಟೆಕ್ಸಾಸ್‌ನಲ್ಲಿ ಸ್ವಂತಕ್ಕೆ ಮಾಡಿದ್ದಕ್ಕೆ ನಂಬರ್ ಹಾಕಬೇಕೆಂಬ ರಾಜ್ಯ ಕಾನೂನಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಶುರು ಮಾಡುವ ಮೊದಲೇ ರಾಜ್ಯದ ನ್ಯಾಯ ಇಲಾಖೆಗೆ ಅರ್ಜಿ ಹಾಕಿ ನಂಬರ್ ಪಡೆಯಬೇಕು, ಕಟ್ಟಿದ 10 ದಿನದೊಳಗೆ ಕೆತ್ತಿಸಬೇಕು. ವಾಷಿಂಗ್ಟನ್, ನ್ಯೂಯಾರ್ಕ್, ಇಲಿನಾಯ್, ಕೊಲರಾಡೊಗಳಲ್ಲೂ ನಂಬರಿಲ್ಲದ ಬಂದೂಕಿನ ಮೇಲೆ ನಿರ್ಬಂಧವಿದೆ. ನ್ಯೂಜೆರ್ಸಿ ಇವೆಲ್ಲಕ್ಕಿಂತ ಬಿಗಿ: ಅಲ್ಲಿ ಲೈಸೆನ್ಸ್ ಇರುವ ತಯಾರಕರ ಹೆಸರಿನಲ್ಲಿ ನೋಂದಾದ ನಂಬರೇ ಇರಬೇಕು. ನೀವೇ ಕೆತ್ತಿದ ನಂಬರ್ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ನಡೆಯುವುದಿಲ್ಲ. ಕೆಲಸ ಬದಲಾಗಿ ಡಲ್ಲಾಸ್‌ನಿಂದ ಅಲ್ಲಿಗೆ ಮನೆ ಸಾಗಿಸುವವರು ಎಡವುವುದು ಹೀಗೆ.

ಕೆತ್ತನೆಯ ಫೆಡರಲ್ ಅಳತೆ: ಆಳ ಕನಿಷ್ಠ 0.003 ಇಂಚು, ಅಕ್ಷರದ ಎತ್ತರ ಕನಿಷ್ಠ 1/16 ಇಂಚು. ಬಣ್ಣದ ಪದರದಲ್ಲಷ್ಟೇ ಮೂಡಿದ ಲೇಸರ್ ಗೆರೆ ಈ ಆಳ ಮುಟ್ಟುವುದಿಲ್ಲ. ಲೋಹದ ಮೇಲ್ಮೈಯಿಂದ ಅಳೆಯುತ್ತಾರೆ. ಪ್ಲಾಸ್ಟಿಕ್ ಬಂದೂಕು ಲೋಹಶೋಧಕಕ್ಕೆ ಸಿಗಲೇಬೇಕು, ಅಂದರೆ 3.7 ಔನ್ಸ್ ಸ್ಟೀಲಿನ ಮಾದರಿಯಷ್ಟಾದರೂ ಪತ್ತೆಯಾಗಬೇಕು. ಇದು ಎಲ್ಲ ರಾಜ್ಯಕ್ಕೂ ಅನ್ವಯ. ನಿಮ್ಮ ರಾಜ್ಯ ಕೇಳದಿದ್ದರೂ ನಂಬರ್ ಕೆತ್ತಿಸುವುದೇ ಒಳ್ಳೆಯದು. ಕಳುವಾದರೆ ಪೊಲೀಸರಿಗೆ ಕೊಡಲು ಗುರುತು ಇರುತ್ತದೆ.

ಅಳತೆ

ರೈಫಲ್ ಬ್ಯಾರೆಲ್ 16 ಇಂಚಿಗಿಂತ, ಶಾಟ್‌ಗನ್ ಬ್ಯಾರೆಲ್ 18 ಇಂಚಿಗಿಂತ, ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಾದರೆ ಅದು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟಿನ ವ್ಯಾಪ್ತಿಗೆ ಬರುತ್ತದೆ. ಕಟ್ಟುವ ಮೊದಲೇ ಫಾರ್ಮ್ 1 (ಕಟ್ಟಲು ಎಟಿಎಫ್‌ನ ಅನುಮತಿ ಕೇಳುವ ಅರ್ಜಿ) ಮಂಜೂರಾಗಿರಬೇಕು. 2026ರ ಜನವರಿ 1ರಿಂದ ಇವಕ್ಕೆ 200 ಡಾಲರ್ ತೆರಿಗೆ ಸೊನ್ನೆಯಾಗಿದೆ, ನೋಂದಣಿ ಮಾತ್ರ ಹಾಗೇ ಉಳಿದಿದೆ. ತೆರಿಗೆ ಹೋಯಿತೆಂದು ಫಾರ್ಮನ್ನೇ ಬಿಟ್ಟವರು ಅಪರಾಧಿಗಳಾಗುತ್ತಾರೆ.

ಬ್ಯಾರೆಲ್ ಅಳೆಯುವುದು ಹೀಗೆ. ಮ್ಯಾಗಜೀನ್ ತೆಗೆಯಿರಿ. ಚೇಂಬರ್ (ಗುಂಡು ಕೂರುವ ಜಾಗ) ಖಾಲಿಯೇ ಎಂದು ಕಣ್ಣಿಂದಲೂ ಕಿರುಬೆರಳಿಂದಲೂ ನೋಡಿ. ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಜಾರುಭಾಗ) ಮುಚ್ಚಿ. ಬ್ಯಾರೆಲ್ ಬಾಯಿಯಿಂದ ತೆಳುವಾದ ಮರದ ಕಡ್ಡಿ ಇಳಿಬಿಟ್ಟು, ಬೋಲ್ಟಿಗೆ ತಾಗಿದಾಗ ಬ್ಯಾರೆಲ್ ಬಾಯಿಯ ಮಟ್ಟಕ್ಕೆ ಗೆರೆ ಹಾಕಿ, ಹೊರತೆಗೆದು ಅಳೆಯಿರಿ. ತಿರುಗಿಸಿ ಕೂರಿಸಿದ ಫ್ಲ್ಯಾಶ್ ಹೈಡರ್ (ಕಿಡಿ ಕಾಣದಂತೆ ಬ್ಯಾರೆಲ್ ತುದಿಗೆ ಹಾಕುವ ಭಾಗ) ಲೆಕ್ಕಕ್ಕಿಲ್ಲ. ಬೆಸುಗೆ ಹಾಕಿದ್ದರೆ, 1100 ಡಿಗ್ರಿ ಫ್ಯಾರನ್‌ಹೀಟ್‌ನ ಸಿಲ್ವರ್ ಸೋಲ್ಡರ್ ಮಾಡಿದ್ದರೆ, ಇಲ್ಲವೇ ಪಿನ್ ಹೊಡೆದು ಮೇಲೆ ಬೆಸೆದಿದ್ದರೆ ಮಾತ್ರ ಸೇರುತ್ತದೆ. ಸರಿಯಾಗಿ 16 ಇಂಚಿಗೆ ನಿಲ್ಲಿಸದೆ ಒಂದು ನೂಲಾದರೂ ಹೆಚ್ಚಿಗೆ ಇರಲಿ.

ವಿದೇಶಿ ಕಿಟ್‌ನಿಂದ ಕಟ್ಟಿದ ಅರೆ ಸ್ವಯಂಚಾಲಿತ ರೈಫಲ್‌ಗೆ 922(r) ಎಂಬ ಇನ್ನೊಂದು ಲೆಕ್ಕವಿದೆ. ಎಟಿಎಫ್ ಪಟ್ಟಿಯ 20 ಭಾಗಗಳಲ್ಲಿ ಆಮದಾದವು 10 ಮೀರಬಾರದು. ಮ್ಯಾಗಜೀನಿನ ಹೊರಕವಚ, ಫಾಲೋವರ್ (ಗುಂಡುಗಳನ್ನು ಮೇಲಕ್ಕೆ ತಳ್ಳುವ ಭಾಗ), ತಳತಟ್ಟೆ ಮೂರೂ ಆ ಪಟ್ಟಿಯಲ್ಲಿವೆ. ಅಮೆರಿಕದ ಮ್ಯಾಗಜೀನ್ ನಂಬಿ ಲೆಕ್ಕ ಕೂಡಿಸಿ, ರೇಂಜಿನಲ್ಲಿ ಆಮದಿನದನ್ನು ಸಿಕ್ಕಿಸಿದರೆ ಲೆಕ್ಕ ಒಮ್ಮೆಗೇ ಮೂರು ಏರುತ್ತದೆ.

ಒಂದು ಟ್ರಿಗರಿಗೆ ಎರಡು ಗುಂಡು

ಡಿಸ್‌ಕನೆಕ್ಟರ್ (ಗುಂಡು ಹಾರಿದ ಮೇಲೆ ಹ್ಯಾಮರನ್ನು, ಅಂದರೆ ಹೊಡೆಯುವ ಸುತ್ತಿಗೆಯನ್ನು, ತಡೆದು ಹಿಡಿಯುವ ಭಾಗ) ಸವೆದು, ಅಥವಾ ಸರಿಯಾಗಿ ಕೂರದೆ, ಒಮ್ಮೆ ಒತ್ತಿದರೆ ಎರಡು ಗುಂಡು ಹಾರುವುದುಂಟು. ಕಾನೂನಿನ ಪ್ರಕಾರ ಟ್ರಿಗರಿನ ಒಂದೇ ಕ್ರಿಯೆಗೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವುದು ಮಷಿನ್ ಗನ್; 1986ರ ಮೇ 19ರ ನಂತರ ಮಾಡಿದ್ದನ್ನು ಖಾಸಗಿಯವರು ಇಟ್ಟುಕೊಳ್ಳುವಂತಿಲ್ಲ. ಆರೋಪಿಗೆ ಅದು ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕೆಂದು ಸುಪ್ರೀಂ ಕೋರ್ಟಿನ 1994ರ ಸ್ಟೇಪಲ್ಸ್ ತೀರ್ಪು ಹೇಳುತ್ತದೆ. ಹಾಗಾಗಿ ಎರಡು ಹಾರಿದ್ದನ್ನು ಕಂಡ ಮೇಲೂ ಮುಂದುವರಿಸಿದರೆ ರಕ್ಷಣೆ ಉಳಿಯುವುದಿಲ್ಲ. ಅಲ್ಲೇ ನಿಲ್ಲಿಸಿ, ಖಾಲಿ ಮಾಡಿ, ಚೀಲಕ್ಕೆ ಹಾಕಿ. ದುರಸ್ತಿಯಾಗುವ ತನಕ ಯಾರಿಗೂ ಕೊಡಬೇಡಿ.

ಮನೆಯಲ್ಲೇ ಪರೀಕ್ಷಿಸಲು: ಖಾಲಿ ಬಂದೂಕಿನ ಟ್ರಿಗರ್ ಒತ್ತಿ ಹಾಗೇ ಹಿಡಿದುಕೊಳ್ಳಿ, ಬೋಲ್ಟ್ ಹಿಂದಕ್ಕೆಳೆದು ಬಿಡಿ, ಟ್ರಿಗರ್ ಮೆಲ್ಲಗೆ ಸಡಿಲಿಸಿ. ಆಗ ಸಣ್ಣ ಟಿಕ್ ಬೆರಳಿಗೆ ತಿಳಿಯಬೇಕು, ಮತ್ತೆ ಒತ್ತಿದಾಗ ಮಾತ್ರ ಹ್ಯಾಮರ್ ಬೀಳಬೇಕು. ಟಿಕ್ ಇಲ್ಲದಿದ್ದರೆ ಹ್ಯಾಮರ್ ತಡೆಯಿಲ್ಲದೆ ಬೋಲ್ಟಿನ ಬೆನ್ನಿಗೇ ಬಿದ್ದಿದೆ. ಅಂಥದನ್ನು ರೇಂಜಿಗೆ ಒಯ್ಯಬೇಡಿ. ರೇಂಜಿನಲ್ಲಿ ಮೊದಲು ಒಂದೇ ಗುಂಡು, ಆಮೇಲೆ ಎರಡು, ಅದೂ ಹಲವು ಸಲ. ತುಂಬಿದ ಮ್ಯಾಗಜೀನ್ ಕೊನೆಗೆ.

ದಾರಿ, ಕೌಂಟರ್, ಗನ್‌ಸ್ಮಿತ್

ಗುಂಡು ತೆಗೆದ ಬಂದೂಕು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಡಿಕ್ಕಿಯಲ್ಲಿ, ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ. ರಾಜ್ಯ ದಾಟುವವರಿಗೆ ಅದೇ ಫೆಡರಲ್ ಸಂಹಿತೆಯ 926A ರಕ್ಷಣೆ ಸಿಗುವುದು ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಬಂದೂಕು ಸಕ್ರಮವಾಗಿದ್ದರೆ ಮಾತ್ರ. ಡಿಕ್ಕಿ ಬೇರೆಯಾಗಿರದ ಎಸ್‌ಯುವಿಯಲ್ಲಿ ಬೀಗದ ಪೆಟ್ಟಿಗೆ ಕಡ್ಡಾಯ. ಗ್ಲೋವ್ ಬಾಕ್ಸ್ ನಡೆಯುವುದಿಲ್ಲ. ಶಾಲೆಯ 1000 ಅಡಿಯೊಳಗೆ ಹಾದುಹೋಗುವಾಗಲೂ ಕಾಪಾಡುವುದು ಆ ಬೀಗವೇ. ನ್ಯೂಜೆರ್ಸಿಯಲ್ಲಿ ಮನೆಗೂ ರೇಂಜಿಗೂ ನಡುವೆ ಅನಗತ್ಯವಾಗಿ ದಾರಿ ತಪ್ಪಿಸಬಾರದು, ಆದ್ದರಿಂದ ಮಾಲ್‌ಗೆ ಹೋಗುವುದಿದ್ದರೆ ಬಂದೂಕು ಮನೆಗೆ ಬಿಟ್ಟು ಹೋಗಿ.

ಹೊರಡುವ ಮುಂಚೆ ರೇಂಜಿಗೆ ಫೋನ್ ಮಾಡಿ: ಮನೆಯಲ್ಲಿ ಕಟ್ಟಿದ್ದಕ್ಕೆ ಅವಕಾಶವಿದೆಯೇ, ಪ್ರಿಂಟ್ ಮಾಡಿದ ರಿಸೀವರ್ ನಡೆಯುತ್ತದೆಯೇ, ನೀವೇ ಮದ್ದು ತುಂಬಿ ಮಾಡಿದ ಗುಂಡು ಬಳಸಲು ಬಿಡುತ್ತಾರೆಯೇ. ಬೇಡ ಎನ್ನುವ ಹಕ್ಕು ಅವರಿಗಿದೆ, ವಾದ ಬೇಡ. ಸ್ಟೀಲ್ ತಿರುಳಿನ ಗುಂಡೇ ಎಂದು ಹಲವೆಡೆ ಅಯಸ್ಕಾಂತ ಹಿಡಿದು ನೋಡುತ್ತಾರೆ. ಫಾರ್ಮ್ 1, ರಾಜ್ಯದ ನಂಬರ್ ಪತ್ರಗಳ ಪ್ರತಿ ಪೆಟ್ಟಿಗೆಯಲ್ಲೇ ಇರಲಿ.

ರೇಂಜಿನ ಗನ್‌ಸ್ಮಿತ್ (ಬಂದೂಕು ದುರಸ್ತಿ ಮಾಡುವವರು) ಅದೇ ದಿನ ಸರಿಮಾಡಿ ಕೈಗೆ ಕೊಟ್ಟರೆ ನಂಬರಿಲ್ಲದ್ದನ್ನೂ ಫೆಡರಲ್ ನಿಯಮ ತಡೆಯುವುದಿಲ್ಲ. ಅಂಗಡಿಯ ದಾಸ್ತಾನಿಗೆ ಸೇರಿತೆಂದರೆ ಏಳು ದಿನದೊಳಗೆ, ಅದಕ್ಕೂ ಮೊದಲೇ ಹಿಂತಿರುಗಿಸುವುದಾದರೆ ಅದಕ್ಕೆ ಮುಂಚೆ, ಅವರು ತಮ್ಮ ಲೈಸೆನ್ಸ್ ಸಂಖ್ಯೆಯ ಮೊದಲ ಮೂರು ಮತ್ತು ಕೊನೆಯ ಐದು ಅಂಕಿಗಳಿಂದ ಶುರುವಾಗುವ ನಂಬರ್ ಕೆತ್ತಬೇಕು. ಅದು ಬೇಡವೆಂದಾದರೆ ಬೆಳಿಗ್ಗೆಯೇ ಒಯ್ದು, ಸಂಜೆ ಅಂಗಡಿ ಮುಚ್ಚುವುದರೊಳಗೆ ಮರಳಿ ಪಡೆಯಿರಿ.